ಬೌಲ್ ತೊಳೆದ ಮೇಲೆ ಸಾಯುತ್ತಿದ್ದ ಮೀನುಗಳು: ಒಂದು ರಿಸೆಪ್ಶನ್ ಮೇಜಿನ ಪ್ರಕರಣ

11 ತಿಂಗಳಲ್ಲಿ 19 ಮೀನು ಸತ್ತಿದ್ದವು. ಎಲ್ಲವೂ ಒಂದೇ ಬೌಲಿನಲ್ಲಿ, ಒಂದೇ ಮೇಜಿನ ಮೇಲೆ, ದಿನಾ ಅಷ್ಟೊಂದು ಜನರ ಕಣ್ಣೆದುರಿಗೇ. ಆದರೂ ಇಷ್ಟು ಮೀನು ಸತ್ತಿವೆ ಅಂತ ಆ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಗೊತ್ತಾಗಲಿಲ್ಲ, ಯಾಕೆಂದರೆ ಸತ್ತ ಮೀನಿನ ಜಾಗಕ್ಕೆ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಮೀನು ಮರುದಿನವೇ ಬಂದುಬಿಡುತ್ತಿತ್ತು. ಯಾವಾಗ ನೋಡಿದರೂ ಬೌಲಿನಲ್ಲಿ ಎರಡು ಗೋಲ್ಡ್‌ಫಿಶ್. ಕಿತ್ತಳೆ ಬಣ್ಣದ್ದು ಒಂದು, ಬಿಳಿ ಮತ್ತು ಕಿತ್ತಳೆ ಬೆರೆತದ್ದು ಒಂದು.

ನಾನು ಹಲವು ವರ್ಷಗಳಿಂದ ಮನೆಯಲ್ಲಿ ಮೀನು ಸಾಕಿಕೊಂಡು ಬಂದವಳು. ಎಲ್ಲಿ ಹೋದರೂ ಕಣ್ಣು ಮೊದಲು ಮೀನಿನ ತೊಟ್ಟಿಯ ಕಡೆಗೇ ಹೋಗುತ್ತದೆ. ಈ ಬೌಲ್ ನೋಡಿದ ಮೊದಲ ದಿನವೇ ಹೊಟ್ಟೆ ಕಿವುಚಿದ ಹಾಗಾಯಿತು. ಆದರೆ ಹೊಸ ಕೆಲಸ, ಹೊಸ ಜನ, ಬಾಯಿ ಬಿಡಲಿಲ್ಲ. ಹಾಗೆ ಸುಮ್ಮನಿದ್ದ ಎರಡು ತಿಂಗಳಲ್ಲಿ ಐದು ಮೀನು ಹೋಗಿದ್ದವು ಅಂತ ಆಮೇಲೆ ಲೆಕ್ಕ ಸಿಕ್ಕಿತು. ಅದು ಇವತ್ತಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ. ಇಷ್ಟು ವಿವರವಾಗಿ ಬರೆಯುತ್ತಿರುವುದೂ ಅದಕ್ಕೇ. ಇಂಥ ಬೌಲನ್ನು ನೀವೂ ನೋಡಿರುತ್ತೀರಿ, ಯಾವುದೋ ಕ್ಲಿನಿಕ್ಕಿನಲ್ಲಿ, ಅಂಗಡಿಯ ಗಲ್ಲಾದ ಪಕ್ಕದಲ್ಲಿ, ಯಾರದೋ ಮನೆಯ ಟೀಪಾಯ್ ಮೇಲೆ.

ಬೌಲ್ ಹೇಗಿತ್ತು

ಗುಂಡಗಿನ ಗಾಜಿನ ಬೌಲ್. ಹೊಟ್ಟೆಯ ಅಗಲ 26 ಸೆಂಟಿಮೀಟರ್, ಬಾಯಿಯ ಅಗಲ 14. ತಳದಲ್ಲಿ ನೀಲಿ ಬಣ್ಣದ ಕಲ್ಲು, ನಡುವೆ ಒಂದು ಪ್ಲಾಸ್ಟಿಕ್ ಗಿಡ. ಇವನ್ನೆಲ್ಲ ಕಳೆದರೆ ನೀರು ಹಿಡಿಯುತ್ತಿದ್ದದ್ದು ಸುಮಾರು 8 ಲೀಟರ್. ಫಿಲ್ಟರ್ ಇಲ್ಲ. ಏರ್ ಪಂಪ್ ಇಲ್ಲ. ಅಡಿಯಲ್ಲಿ ನೀಲಿ ಎಲ್‌ಇಡಿ ದೀಪದ ತಟ್ಟೆ ಇತ್ತು. ಅದರ ವೈರು ಕಂಪನಿಯ ಹೆಸರಿನ ಬೋರ್ಡಿನ ಸ್ವಿಚ್ಚಿಗೇ ಸೇರಿಕೊಂಡಿದ್ದರಿಂದ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತಿತ್ತು. ಗೋಲ್ಡ್‌ಫಿಶ್‌ಗೆ ಕಣ್ಣುರೆಪ್ಪೆ ಇಲ್ಲ. ನಾವು ಕಣ್ಣು ಮುಚ್ಚಿಕೊಂಡು ಬೆಳಕಿನಿಂದ ತಪ್ಪಿಸಿಕೊಳ್ಳಬಹುದು, ಅದಕ್ಕೆ ಆಗುವುದಿಲ್ಲ. ಕತ್ತಲಾದರೆ ಮಾತ್ರ ಅದಕ್ಕೆ ವಿಶ್ರಾಂತಿ. ಈ ಬೌಲಿಗೆ ಬಂದ ಮೀನುಗಳಿಗೆ ಬಂದ ದಿನದಿಂದ ಕತ್ತಲೆ ಅನ್ನುವುದೇ ಸಿಗಲಿಲ್ಲ.

ನೀರನ್ನು ಕುತ್ತಿಗೆಯವರೆಗೂ ತುಂಬುತ್ತಿದ್ದರು. ಹಾಗೆ ತುಂಬಿದರೆ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಆಮ್ಲಜನಕ ನೀರಿಗೆ ಇಳಿಯುವುದು ಗಾಳಿ ತಾಗುವ ಮೇಲ್ಭಾಗದಿಂದ. ಬೌಲಿನ ಹೊಟ್ಟೆಯ ಮಟ್ಟಕ್ಕೆ ನೀರು ನಿಲ್ಲಿಸಿದ್ದರೆ ಗಾಳಿ ತಾಗುವ ಜಾಗ ಸುಮಾರು 530 ಚದರ ಸೆಂಟಿಮೀಟರ್ ಇರುತ್ತಿತ್ತು. ಕುತ್ತಿಗೆಯವರೆಗೆ ತುಂಬಿದಾಗ ಉಳಿದದ್ದು 154. ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೀರು ಜಾಸ್ತಿ ಆಯಿತು, ಉಸಿರು ಕಡಿಮೆ ಆಯಿತು.

ಇನ್ನು ಮೇಜು. ಅದೇ ಮೇಜಿನ ಮೇಲೆ ಎರಡು ಫೋನು, ವೈಬ್ರೇಟ್ ಆಗುವ ಮೊಬೈಲುಗಳು, ಕೊರಿಯರ್ ಕವರಿನ ಮೇಲೆ ದಪದಪ ಬೀಳುವ ಸೀಲು. ಗೋಲ್ಡ್‌ಫಿಶ್‌ನ ಕಿವಿ ಹೊರಗೆ ಕಾಣುವುದಿಲ್ಲ, ಆದರೆ ಅದು ಕಿವುಡಲ್ಲ. ಅದರ ಈಜುಚೀಲವನ್ನೂ ಒಳಕಿವಿಯನ್ನೂ ಜೋಡಿಸುವ ಸಣ್ಣ ಮೂಳೆಗಳ ಸಾಲೇ ಇದೆ, ಹಾಗಾಗಿ ಮೀನುಗಳಲ್ಲೇ ಚೆನ್ನಾಗಿ ಕೇಳಿಸಿಕೊಳ್ಳುವ ಜಾತಿಗೆ ಇದು ಸೇರುತ್ತದೆ. ಕಾಯುತ್ತಾ ಕುಳಿತವರು, ಅವರ ಜೊತೆ ಬಂದ ಮಕ್ಕಳು, ಬೇಸರ ಕಳೆಯಲು ಬೆರಳಲ್ಲಿ ಗಾಜು ತಟ್ಟುತ್ತಿದ್ದರು. ಮೀನು ಬೆಚ್ಚಿ ಆ ಕಡೆ ಹೋದರೆ ಆ ಕಡೆಯೂ ಗಾಜು, ಆ ಕಡೆಯೂ ಮುಖ. ಅಡಗಿಕೊಳ್ಳಲು ಒಂದು ಮೂಲೆ ಅಂತ ಇರಲಿಲ್ಲ. ಗುಂಡು ಬೌಲಿಗೆ ಮೂಲೆಯೇ ಇರುವುದಿಲ್ಲ ಅಲ್ವಾ? ಇಟಲಿಯ ಮೊಂಜಾ ನಗರಸಭೆ 2004ರಲ್ಲೇ ಗುಂಡು ಬೌಲಿನಲ್ಲಿ ಮೀನು ಇಡುವುದನ್ನು ನಿಷೇಧಿಸಿತು. ಬಾಗಿದ ಗಾಜಿನ ಮೂಲಕ ಮೀನಿಗೆ ಹೊರಗಿನದ್ದೆಲ್ಲ ವಿಕಾರವಾಗಿ ಕಾಣುತ್ತದೆ, ಅದು ಹಿಂಸೆ ಅನ್ನುವುದು ಅವರು ಕೊಟ್ಟ ಕಾರಣ. ಮರುವರ್ಷ ರೋಮ್ ನಗರವೂ ಹೀಗೇ ಮಾಡಿತು. ಮೀನು ಏನು ಕಾಣುತ್ತದೆ ಅನ್ನುವ ವಾದ ಬದಿಗಿರಲಿ, ನೀರು ಕಡಿಮೆ, ಗಾಳಿ ಕಡಿಮೆ, ಫಿಲ್ಟರ್ ಕೂರಿಸಲು ಜಾಗವಿಲ್ಲ, ಇಷ್ಟೇ ಸಾಕು ಗುಂಡು ಬೌಲ್ ಬೇಡ ಅನ್ನಲು.

ಬೆಳಗ್ಗೆ ಏಳು ಗಂಟೆಗೆ

ರಿಸೆಪ್ಶನ್‌ನಲ್ಲಿ ಕೂರುತ್ತಿದ್ದ ಹುಡುಗಿಗೆ ಆ ಮೀನುಗಳ ಮೇಲೆ ನಿಜವಾಗಿಯೂ ಪ್ರೀತಿ ಇತ್ತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಓದುವಾಗ ಯಾರೂ ಅವಳನ್ನು ಕಲ್ಲುಮನಸ್ಸಿನವಳು ಅಂದುಕೊಳ್ಳಬಾರದು. ಒಂದು ದಿನ ಅವಳೇ ಕರೆದು ತೋರಿಸಿದಳು. "ಅಕ್ಕಾ, ನಾನು ಬಂದ ತಕ್ಷಣ ಮೇಲೆ ಬಂದು ಹೇಗೆ ಬಾಯಿ ಬಾಯಿ ಬಿಡ್ತವೆ ನೋಡಿ. ನನ್ನ ಗುರುತು ಸಿಕ್ಕಿದೆ ಅವಕ್ಕೆ."

ಗೋಲ್ಡ್‌ಫಿಶ್ ತನಗೆ ಊಟ ಹಾಕುವವರನ್ನು ಗುರುತಿಸುತ್ತದೆ, ಅದು ಸುಳ್ಳಲ್ಲ. ಮೂರು ಸೆಕೆಂಡಿನ ನೆನಪು ಅನ್ನುವ ಮಾತಿದೆಯಲ್ಲ, ಅದು ಶುದ್ಧ ಸುಳ್ಳು. ಕಲಿತದ್ದನ್ನು ಮೀನುಗಳು ತಿಂಗಳುಗಟ್ಟಲೆ ನೆನಪಿಡುತ್ತವೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಆ ಬಾಯಿ ಬಿಡುವುದನ್ನು ನೋಡಿ ನನಗೆ ಬೇರೆಯೇ ಅನುಮಾನ ಬಂತು. ಮರುದಿನ ಏಳು ಗಂಟೆಗೇ ಆಫೀಸಿಗೆ ಹೋದೆ. ಕಾವಲುಗಾರರನ್ನು ಬಿಟ್ಟರೆ ಯಾರೂ ಇರಲಿಲ್ಲ. ಬೌಲಿಗೆ ಕಾಣದ ಹಾಗೆ ದೂರದ ಕಂಬದ ಹಿಂದೆ ನಿಂತು ನೋಡಿದೆ. ಎರಡೂ ಮೀನು ನೀರಿನ ಮೇಲ್ತುದಿಗೆ ಬಾಯಿ ಕೊಟ್ಟು ನಿಂತಿದ್ದವು. ಎದುರಿಗೆ ಯಾರೂ ಇಲ್ಲ. ಸುಮ್ಮನೆ ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಇಪ್ಪತ್ತು ನಿಮಿಷ ನಿಂತೆ, ಒಂದು ಸಲವೂ ಕೆಳಗೆ ಇಳಿಯಲಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿದ್ದವು. ಬಾಲದಲ್ಲಿ ಕೆಂಪು ಗೆರೆಗಳು ಎದ್ದಿದ್ದವು.

ಅದು ನಮಸ್ಕಾರ ಆಗಿರಲಿಲ್ಲ. ಏದುಸಿರು ಆಗಿತ್ತು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಈ ಒಂದು ವಿಷಯವೇ. ನಾಯಿ ನರಳಿದರೆ ಕೇಳಿಸುತ್ತದೆ. ಬೆಕ್ಕು ಮೂಲೆ ಸೇರಿದರೆ ಗೊತ್ತಾಗುತ್ತದೆ. ಮೀನಿಗೆ ದನಿ ಇಲ್ಲ, ಮುಖದಲ್ಲಿ ಭಾವ ಇಲ್ಲ, ಉಸಿರು ಕಟ್ಟಿ ಒದ್ದಾಡುವಾಗಲೂ ಅದು ಅದೇ ಬಣ್ಣ, ಅದೇ ಚೆಂದ. ಜನ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು.

ಲೆಕ್ಕ ಸಿಕ್ಕಿದ್ದು ಹೇಗೆ

ಎಷ್ಟು ಮೀನು ಸತ್ತಿವೆ ಅಂತ ಕೇಳಿದರೆ "ಒಂದು ನಾಲ್ಕೈದು ಇರಬಹುದು" ಅಂದರು ಎಲ್ಲರೂ. ಆ ಹುಡುಗಿಯೂ ಹಾಗೇ ಅಂದಳು. ಆಮೇಲೆ ಅವಳ ಮೊಬೈಲಿನಲ್ಲೇ ದಾಖಲೆ ಇದೆ ಅಂತ ಹೊಳೆಯಿತು. ಮೀನು ಸತ್ತಾಗಲೆಲ್ಲ ಗಿಡ ನೋಡಿಕೊಳ್ಳುವ ಅಣ್ಣನಿಗೆ ಅವಳು ಒಂದು ಮೆಸೇಜು ಕಳಿಸುತ್ತಿದ್ದಳು. "ಒಂದು ಹೋಗಿದೆ, ಬೇರೆ ತನ್ನಿ." ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಇಬ್ಬರೂ ಎಣಿಸಿದೆವು. ಹತ್ತು ದಾಟಿದ ಮೇಲೆ ಅವಳು ಮಾತು ನಿಲ್ಲಿಸಿದಳು. 19ಕ್ಕೆ ಬಂದು ನಿಂತಾಗ ಅವಳ ಕಣ್ಣಲ್ಲಿ ನೀರಿತ್ತು.

ಆ ಅಣ್ಣ ಕಂಪನಿಯ ನೌಕರರಲ್ಲ. ಆಫೀಸಿನ ಒಳಗಿನ ಕುಂಡಗಳಿಗೆ ನೀರು ಹಾಕಿ, ಎಲೆ ಒರೆಸುವ ಗುತ್ತಿಗೆ ಅವರದ್ದು. ಬೌಲ್ ಬಂದಾಗ ಅದನ್ನೂ ಅವರ ಕೆಲಸಕ್ಕೆ ಸೇರಿಸಿಬಿಟ್ಟಿದ್ದರು. ಅವರು ಬಂದು ಹೋದ ದಿನಗಳು ಗೇಟಿನ ರಿಜಿಸ್ಟರಿನಲ್ಲಿ ಇದ್ದವು. ಒಂದು ಕಡೆ ಮೀನು ಸತ್ತ ತಾರೀಕು, ಇನ್ನೊಂದು ಕಡೆ ಬೌಲ್ ತೊಳೆದ ತಾರೀಕು, ಎರಡನ್ನೂ ಪಕ್ಕಪಕ್ಕ ಬರೆದುಕೊಂಡೆ.

ಮೊದಲ ಆರು ತಿಂಗಳು 15 ದಿನಕ್ಕೊಮ್ಮೆ ತೊಳೆಯುತ್ತಿದ್ದರು. ಆ ಅವಧಿಯಲ್ಲಿ 7 ಮೀನು ಸತ್ತವು. ಅವುಗಳಲ್ಲಿ 6 ಸತ್ತದ್ದು ತೊಳೆದ ಮೂರು ದಿನದ ಒಳಗೆ. ಮೀನು ಸಾಯುತ್ತಿರುವುದು ನೀರು ಕೊಳಕಾಗಿರುವುದರಿಂದಲೇ ಅಂತ ತೀರ್ಮಾನಿಸಿ, ಆಮೇಲೆ ವಾರಕ್ಕೊಮ್ಮೆ ತೊಳೆಯಲು ಹೇಳಿದರು. ಮುಂದಿನ ಐದು ತಿಂಗಳಲ್ಲಿ 12 ಸತ್ತವು. ವಾರಕ್ಕೊಮ್ಮೆ ತೊಳೆದರೆ ಮೂರು ದಿನ ಅಂದರೆ ಹತ್ತಿರಹತ್ತಿರ ಅರ್ಧ ವಾರವೇ ಆಯಿತು, ಹಾಗಾಗಿ ಆ ಎರಡನೇ ಅವಧಿಯ ತಾರೀಕುಗಳಿಗೆ ನಾನು ಜಾಸ್ತಿ ತೂಕ ಕೊಡುವುದಿಲ್ಲ. ಆದರೆ ಮೊದಲ ಏಳರಲ್ಲಿ ಆರು ಅನ್ನುವುದು ಕಾಕತಾಳೀಯ ಅಲ್ಲ. ಸಾವು ನಿಲ್ಲಿಸಲು ಹೆಚ್ಚು ತೊಳೆದರು, ಹೆಚ್ಚು ತೊಳೆದಷ್ಟೂ ಸಾವು ಹೆಚ್ಚಾಯಿತು.

ಮನೆಯಿಂದ ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತಂದೆ. ಶುಕ್ರವಾರ ಸಂಜೆ ತೊಳೆಯುತ್ತಿದ್ದರು. ತುಂಬಿದ ತಕ್ಷಣ ಕ್ಲೋರಿನ್ ನೋಡಿದೆ, ಲೀಟರಿಗೆ 0.5 ಮಿಲಿಗ್ರಾಂ. ನಲ್ಲಿಯಿಂದ ನೇರವಾಗಿ ಹಿಡಿದ ನೀರು, ನಮ್ಮ ಕುಡಿಯುವ ನೀರಿನಲ್ಲಿ ರೋಗಾಣು ಸಾಯಿಸಲು ಹಾಕಿದ ಕ್ಲೋರಿನ್ ಅದು. ನಮಗೆ ಅದರಿಂದ ತೊಂದರೆ ಇಲ್ಲ. ಮೀನಿನ ಕಿವಿರಿಗೆ 0.1 ಇದ್ದರೂ ಸುಡುತ್ತದೆ. ಶನಿವಾರ ಬೆಳಗ್ಗೆ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ. ಸೋಮವಾರ 4. ಗುರುವಾರ ಕಿಟ್ಟಿನ ಬಣ್ಣದ ಕಾರ್ಡಿನಲ್ಲಿರುವ ಕೊನೆಯ ಕಡು ಹಸಿರು, ಅಂದರೆ 8. ಇರಬೇಕಾದದ್ದು ಸೊನ್ನೆ. ಆಶ್ಚರ್ಯ ಅಂದರೆ ಅವತ್ತು ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಅಮೋನಿಯಾಕ್ಕೆ ಬಣ್ಣ ಇಲ್ಲ.

ಏನಾಗುತ್ತಿತ್ತು

ಅಮೋನಿಯಾ ಎಲ್ಲಿಂದ ಬರುತ್ತದೆ ಅಂದರೆ ಮೀನಿನಿಂದಲೇ. ನಾವು ಮೂತ್ರದಲ್ಲಿ ಹೊರಹಾಕುವುದನ್ನು ಮೀನು ಬಹುಪಾಲು ಕಿವಿರಿನ ಮೂಲಕವೇ ಅಮೋನಿಯಾವಾಗಿ ನೀರಿಗೆ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಕೆರೆಯಲ್ಲಿ, ಹೊಳೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, ಅಷ್ಟು ನೀರು. 8 ಲೀಟರಿನಲ್ಲಿ ಮೀನು ತನ್ನ ಹೊಲಸನ್ನೇ ಮತ್ತೆ ಮತ್ತೆ ಕಿವಿರಿಗೆ ಎಳೆದುಕೊಳ್ಳುತ್ತಿರುತ್ತದೆ. ಕಿವಿರು ಸುಟ್ಟು ಊದಿಕೊಳ್ಳುತ್ತದೆ, ಆಮ್ಲಜನಕ ಹೀರಲು ಆಗುವುದಿಲ್ಲ, ಆಗ ಮೇಲೆ ಬಂದು ಬಾಯಿ ಬಿಡುತ್ತದೆ.

ಚೆನ್ನಾಗಿ ನಡೆಯುವ ತೊಟ್ಟಿಯಲ್ಲಿ ಇದಕ್ಕೆ ಪರಿಹಾರ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಗಾಜಿನ ಒಳಮೈಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯುತ್ತವೆ. ಅವು ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರಲಾರದು. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನ ಕಾಟ ತುಂಬಾ ಕಡಿಮೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆ ಬೌಲಿಗೆ ಯಾವತ್ತೂ ನಾಲ್ಕು ವಾರ ಸಿಗಲಿಲ್ಲ. ಮೊದಲು ಎರಡು ವಾರ ಸಿಗುತ್ತಿತ್ತು, ಆಮೇಲೆ ಒಂದು. ಪ್ರತಿ ಸಲವೂ ನೀರೆಲ್ಲ ಚೆಲ್ಲಿ, ಕಲ್ಲನ್ನು ನಲ್ಲಿಯ ಕೆಳಗೆ ಗಸಗಸ ತಿಕ್ಕಿ, ಗಾಜನ್ನು ಹೊಳೆಯುವ ಹಾಗೆ ಉಜ್ಜಿ, ಅಂಟಿಕೊಂಡಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವನ್ನೂ ಚರಂಡಿಗೆ ಕಳಿಸುತ್ತಿದ್ದರು. ನನ್ನ ಕಿಟ್ಟಿನಲ್ಲಿ ನೈಟ್ರೈಟ್ ಬಹುತೇಕ ಸೊನ್ನೆ ತೋರಿಸಿತು, ನೈಟ್ರೇಟ್ ನಲ್ಲಿ ನೀರಿನಲ್ಲಿ ಇದ್ದಷ್ಟೇ. ಕೇಳಲು ಒಳ್ಳೆಯ ಸುದ್ದಿ ಅನಿಸುತ್ತದೆ. ಅದರ ಅರ್ಥ ಅಲ್ಲಿ ಕೆಲಸ ಮಾಡುವ ಒಂದು ಬ್ಯಾಕ್ಟೀರಿಯಾವೂ ಇರಲಿಲ್ಲ ಅಂತ. ಹನ್ನೊಂದು ತಿಂಗಳಾದರೂ ಆ ಬೌಲ್ ತನ್ನ ಮೊದಲ ವಾರದಲ್ಲೇ ನಿಂತಿತ್ತು. ವಾರವಿಡೀ ಅಮೋನಿಯಾದಲ್ಲಿ ಬೆಂದ ಕಿವಿರಿಗೆ ಶುಕ್ರವಾರ ಕ್ಲೋರಿನ್ ಬೀಳುತ್ತಿತ್ತು, ಜೊತೆಗೆ ನೀರಿನ ಬಿಸಿ ಬೇರೆ, ಪಿಎಚ್ (ನೀರಿನ ಹುಳಿ-ಕ್ಷಾರದ ಮಟ್ಟ) ಬೇರೆ, ಬಲೆಯಲ್ಲಿ ಎತ್ತುವ ಗಾಬರಿ ಬೇರೆ. ಮೂರು ದಿನದಲ್ಲಿ ಸಾಯುವುದು ಅದಕ್ಕೇ.

ಆಹಾರದ ಕತೆಯೂ ಇದೆ. ಒಂದು ಮಂಗಳವಾರ ಹುಡುಗಿಯ ಸಹಾಯದಿಂದ ಗುರುತು ಹಾಕಿಕೊಂಡೆವು. ಐದು ಜನ ಸೇರಿ ಏಳು ಸಲ ಹಾಕಿದ್ದರು. ಯಾರಿಗೂ ಇನ್ನೊಬ್ಬರು ಹಾಕಿದ್ದು ಗೊತ್ತಿಲ್ಲ. ಗೋಲ್ಡ್‌ಫಿಶ್‌ಗೆ ಹೊಟ್ಟೆ ಅಂತ ಬೇರೆ ಚೀಲ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಎದುರಿಗೆ ಆಹಾರ ಬಂದರೆ ತಿನ್ನುತ್ತಲೇ ಇರುತ್ತದೆ. ಅದು ಹಸಿವಿನ ಗುರುತಲ್ಲ.

ತಪ್ಪು ಯಾರದು

ಗಿಡದ ಅಣ್ಣನ ಜೊತೆ ಮಾತಾಡಬೇಕು ಅಂತ ಶುಕ್ರವಾರ ಕಾದು ಕುಳಿತೆ. ದೂರು ಹೇಳುವ ಹಾಗೆ ಕೇಳಬಾರದು ಅಂತ ಮೊದಲೇ ನಿರ್ಧಾರ ಮಾಡಿದ್ದೆ. ತಾರೀಕುಗಳ ಹಾಳೆ ಮುಂದಿಟ್ಟು ಸುಮ್ಮನಿದ್ದೆ. ಅವರು ತುಂಬಾ ಹೊತ್ತು ನೋಡಿದರು.

"ನಾನು ತೊಳೆದು ಹೋದ ಮೇಲೇ ಸಾಯ್ತಾವೆ ಅಂತ ನನಗೂ ಅನಿಸಿತ್ತು ಮೇಡಂ. ಸೋಪು ಏನೂ ಹಾಕಲ್ಲ ನಾನು, ಆದ್ರೂ ಸಾಯ್ತಾವೆ. ಹೇಳಿದ್ರೆ ನನ್ನ ಮೇಲೇ ಬರುತ್ತೆ ಅಂತ ಸುಮ್ನಾದೆ."

ಅವರೊಬ್ಬರೇ ಅದನ್ನು ಗಮನಿಸಿದ್ದು. ಮೀನಿನ ಬಗ್ಗೆ ಯಾರೂ ಅವರಿಗೆ ಒಂದು ಮಾತು ಕಲಿಸಿರಲಿಲ್ಲ, ಆದರೂ ಕಣ್ಣಿಗೆ ಬಿದ್ದಿತ್ತು. ಹೇಳಲು ಜಾಗ ಇರಲಿಲ್ಲ. ಗಾಜು ಮಸುಕಾದರೆ ಫೋನು ಬರುತ್ತಿತ್ತು, ಮೀನು ಸತ್ತರೆ ಬರೀ "ಬೇರೆ ತನ್ನಿ" ಅನ್ನುವ ಮೆಸೇಜು. ಯಾವುದು ಮುಖ್ಯ ಅಂತ ಅವರಿಗೆ ಅರ್ಥವಾದದ್ದು ಅದರಿಂದಲೇ.

ಆಫೀಸಿನ ವ್ಯವಸ್ಥೆ ನೋಡಿಕೊಳ್ಳುವ ಮ್ಯಾನೇಜರ್ ಬಳಿ ಹೋದಾಗ ಬಿಲ್ಲುಗಳ ಫೈಲು ತೆರೆದು ತೋರಿಸಿದರು. ಕೃತಕ ಹೂವು, ಗೋಡೆಯ ಚಿತ್ರ, ಕುಂಡ, ಮೀನು, ಎಲ್ಲವೂ "ಅಲಂಕಾರ" ಅನ್ನುವ ಒಂದೇ ತಲೆಬರಹದ ಕೆಳಗೆ. ಮೀನಿನ ಮುಂದೆ "2 ಪೀಸ್" ಅಂತ ಬರೆದಿತ್ತು. ಅವರು ಕೆಟ್ಟವರಲ್ಲ. ಆ ಫೈಲಿನ ಪ್ರಕಾರ ಕೆಲಸ ಸರಿಯಾಗಿಯೇ ನಡೆದಿತ್ತು: ಬೌಲ್ ಹೊಳೆಯುತ್ತಿತ್ತು, ಮೀನು ಎರಡಿದ್ದವು. ನನ್ನ ಅಭಿಪ್ರಾಯದಲ್ಲಿ ಈ 19 ಸಾವುಗಳ ಬೇರು ಅಲ್ಲೇ ಇದೆ. ಮೀನನ್ನು ಸಾಮಾನಿನ ಪಟ್ಟಿಗೆ ಸೇರಿಸಿದ ಮೇಲೆ ಅದು ಕೆಟ್ಟುಹೋಗುತ್ತದೆ, ಬದಲಾಯಿಸಲಾಗುತ್ತದೆ, ಸಾಯುವುದಿಲ್ಲ. ಸಾಯದೇ ಇದ್ದದ್ದಕ್ಕೆ ಯಾಕೆ ಸತ್ತಿತು ಅಂತ ಯಾರು ಕೇಳುತ್ತಾರೆ?

ಗೋಲ್ಡ್‌ಫಿಶ್ ಎಷ್ಟು ವರ್ಷ ಬದುಕುತ್ತದೆ ಅಂತ ಅವರನ್ನು ಕೇಳಿದೆ. "ಒಂದೆರಡು ತಿಂಗಳು ಅಲ್ವಾ?" ಅಂದರು. ಅವರು ಕಂಡದ್ದೇ ಅಷ್ಟು. ಸರಿಯಾಗಿ ನೋಡಿಕೊಂಡರೆ ಹತ್ತರಿಂದ ಇಪ್ಪತ್ತು ವರ್ಷ ಬದುಕುವ ಮೀನು ಅದು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟವೊಂದರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಅನ್ನುವ ಗೋಲ್ಡ್‌ಫಿಶ್ 1999ರವರೆಗೆ, ಅಂದರೆ 43 ವರ್ಷ ಬದುಕಿ ಗಿನ್ನೆಸ್ ದಾಖಲೆಗೆ ಸೇರಿದೆ. ನಮ್ಮ ಬೌಲಿನ ಎರಡು ಬಾಲದ ಜಾತಿಯೂ 15 ರಿಂದ 20 ಸೆಂಟಿಮೀಟರ್ ಬೆಳೆಯುತ್ತದೆ, ಒಂಟಿ ಬಾಲದ್ದು 30ರ ಹತ್ತಿರ ಹೋಗಬಲ್ಲದು. ಅಲ್ಲಿ ಬಂದದ್ದೆಲ್ಲ 5 ಸೆಂಟಿಮೀಟರಿನ ಮರಿಗಳು, ಎಲ್ಲವೂ ಮರಿಗಳಾಗಿಯೇ ಸತ್ತವು. ಬೌಲಿನ ಅಳತೆಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಬೆಳೆಯುವುದಿಲ್ಲ ಅನ್ನುವುದು ನಿಜ, ಯಾಕೆಂದರೆ ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ಅದನ್ನು ಹೊಂದಿಕೊಳ್ಳುವುದು ಅಂತ ಕರೆಯಬಾರದು.

ಮೊದಲು ಬಂದ ಸಲಹೆಗಳು

ಮ್ಯಾನೇಜರ್ ಹೇಳಿದ್ದು, "ಹಾಗಾದ್ರೆ ಬೌಲನ್ನೇ ತೆಗೆದುಬಿಡೋಣ." ಬೌಲ್ ತೆಗೆಯಬಹುದು, ಒಳಗಿರುವ ಎರಡು ಜೀವ ಎಲ್ಲಿಗೆ? ಯಾರೋ ಕೆರೆಗೆ ಬಿಟ್ಟುಬಿಡಿ ಅಂದರು. ಅದು ದಯೆಯ ಹಾಗೆ ಕಾಣುತ್ತದೆ, ಆದರೆ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬದುಕಿದರೆ ಗೋಲ್ಡ್‌ಫಿಶ್ ದೊಡ್ಡದಾಗಿ ಬೆಳೆದು, ತಳದ ಕೆಸರು ಕೆದಕಿ, ಅಲ್ಲಿನ ಮೂಲ ಮೀನುಗಳ ಮೊಟ್ಟೆ ತಿಂದು ಕೆರೆಯನ್ನೇ ಕೆಡಿಸುತ್ತದೆ. ಹಲವು ದೇಶಗಳಲ್ಲಿ ಇದು ದೊಡ್ಡ ತಲೆನೋವಾಗಿದೆ.

ಇನ್ನೊಂದು ಸಲಹೆ ಫೈಟರ್ ಮೀನು. "ಅದಕ್ಕೆ ನೀರು ಕಡಿಮೆ ಸಾಕಂತೆ, ಹೂದಾನಿಯಲ್ಲೂ ಇಡ್ತಾರೆ, ಮೇಲೊಂದು ಗಿಡ ಇಟ್ಟರೆ ಬೇರು ತಿನ್ನುತ್ತಂತೆ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಫೈಟರ್, ಅಂದರೆ ಬೆಟ್ಟಾ ಮೀನಿಗೆ ತಲೆಯಲ್ಲಿ ಒಂದು ವಿಶೇಷ ಅಂಗ ಇದೆ. ಅದರಿಂದ ಮೇಲೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು. ಹಾಗಾಗಿ ಕೆಟ್ಟ ನೀರಿನಲ್ಲಿ ಸಾಯಲು ಅದಕ್ಕೆ ಜಾಸ್ತಿ ದಿನ ಬೇಕು, ಅಷ್ಟೇ. ಅಮೋನಿಯಾ ಅದನ್ನೂ ಸುಡುತ್ತದೆ. ಅದು ಹುಳು, ಸೊಳ್ಳೆಮರಿ ತಿನ್ನುವ ಮೀನು, ಬೇರು ತಿಂದು ಬದುಕುವುದಿಲ್ಲ. ಹೂದಾನಿಯ ಬಾಯಿ ಗಿಡದಿಂದ ಮುಚ್ಚಿದರೆ ಮೇಲೆ ಬಂದು ಉಸಿರಾಡಲೂ ಜಾಗ ಇಲ್ಲ. ಅದಕ್ಕೆ 24 ರಿಂದ 28 ಡಿಗ್ರಿ ಬೆಚ್ಚಗಿನ ನೀರು ಬೇಕು, ಎಸಿ ಹಾಕಿದ ರಿಸೆಪ್ಶನ್ನಿನ ಹೂದಾನಿಯಲ್ಲಿ ಅದು ಮರಗಟ್ಟಿ ತಳ ಹಿಡಿದು ಕೂರುತ್ತದೆ. ನೋಡುವವರು "ಎಷ್ಟು ಶಾಂತವಾಗಿದೆ" ಅನ್ನುತ್ತಾರೆ.

ಮಾಡಿದ್ದು

ಕೊನೆಗೆ ಒಪ್ಪಿದ್ದು ಹೀಗೆ: ಮೀನು ಇರಬೇಕಾದರೆ ತೊಟ್ಟಿಯಲ್ಲಿ ಇರಲಿ, ಮೇಜಿನ ಮೇಲೆ ಬೇಡ, ನೋಡಿಕೊಳ್ಳುವ ಹೊಣೆ ಹೆಸರು ಹಿಡಿದು ಒಬ್ಬರಿಗೆ ಇರಲಿ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಖಾಲಿ ಬಿದ್ದಿದ್ದ 100 ಲೀಟರಿನ ಆಯತಾಕಾರದ ತೊಟ್ಟಿ ಸಿಕ್ಕಿತು. ಗೋಡೆಗೆ ತಾಗಿಸಿ ಇಟ್ಟೆವು, ಹಿಂಬದಿಗೂ ಒಂದು ಪಕ್ಕಕ್ಕೂ ಗಾಢ ಬಣ್ಣದ ಹಾಳೆ ಅಂಟಿಸಿದೆವು, ಮೀನಿಗೆ ಬೆನ್ನು ಕೊಡಲು ಒಂದು ಜಾಗ ಬೇಕಿತ್ತು. ಹೊಸ ತೊಟ್ಟಿಗೂ ಅದೇ ನಾಲ್ಕರಿಂದ ಆರು ವಾರದ ತೊಂದರೆ ಇರುತ್ತದೆ, ಅಷ್ಟು ದಿನ ಕಾಯುವ ಶಕ್ತಿ ಆ ಮೀನುಗಳಿಗೆ ಇರಲಿಲ್ಲ. ಅದಕ್ಕೆ ನನ್ನ ಮನೆಯ ತೊಟ್ಟಿಯಲ್ಲಿ ಎರಡು ವರ್ಷದಿಂದ ಓಡುತ್ತಿದ್ದ ಸ್ಪಂಜ್ ಫಿಲ್ಟರನ್ನು ಒದ್ದೆಯಾಗಿಯೇ ಡಬ್ಬಿಯಲ್ಲಿ ತಂದು ಅದರಲ್ಲಿ ಕೂರಿಸಿದೆ. ಹಳೆಯ ಸ್ಪಂಜಿನ ಜೊತೆ ಬ್ಯಾಕ್ಟೀರಿಯಾವೂ ಬಂದುಬಿಡುತ್ತವೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿದೆವು. ಲೀಟರಿಗೆ ಒಂದು ಗ್ರಾಂ ಉಪ್ಪನ್ನೂ ಕರಗಿಸಿದೆ, ನೈಟ್ರೈಟ್ ಏರಿದರೂ ಅದು ಕಿವಿರಿನೊಳಗೆ ಹೋಗುವುದನ್ನು ಉಪ್ಪಿನಲ್ಲಿರುವ ಕ್ಲೋರೈಡ್ ತಡೆಯುತ್ತದೆ.

ಬಿಳಿ ಬೆರೆತ ಮೀನು ನಾಲ್ಕನೇ ದಿನ ಸತ್ತಿತು. ಕಿವಿರಿನ ಮುಚ್ಚಳ ಎತ್ತಿ ನೋಡಿದೆ. ಕಡುಕೆಂಪು ಇರಬೇಕಾದದ್ದು ಮಸುಕು ಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತ್ತು. ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಅಂತ ಅವತ್ತು ಇಡೀ ದಿನ ಅನಿಸುತ್ತಿತ್ತು. 20ನೇ ಮೀನು ಅದು. "ಬೇರೆ ತನ್ನಿ" ಅನ್ನುವ ಮೆಸೇಜು ಮಾತ್ರ ಈ ಸಲ ಹೋಗಲಿಲ್ಲ.

ಕಿತ್ತಳೆಯದ್ದು ಉಳಿಯಿತು. ಹತ್ತನೇ ದಿನಕ್ಕೆ ಮೇಲ್ತುದಿ ಬಿಟ್ಟು ಕೆಳಗೆ ಈಜಲು ಶುರು ಮಾಡಿತು. ಎರಡನೇ ವಾರ ಅದರ ರೆಕ್ಕೆಯ ಅಂಚಿನಲ್ಲಿ, ಬೆನ್ನಿನ ಮೇಲೆ ಕಪ್ಪು ಮಚ್ಚೆಗಳು ಎದ್ದವು. ಎಲ್ಲರಿಗೂ ಗಾಬರಿ, ರೋಗ ಬಂತು ಅಂತ. ಅಮೋನಿಯಾದಿಂದ ಸುಟ್ಟ ಚರ್ಮ ಮಾಯುವಾಗ ಗೋಲ್ಡ್‌ಫಿಶ್‌ನಲ್ಲಿ ಹೀಗೆ ಕಪ್ಪಾಗುತ್ತದೆ. ಕಾಯಿರಿ ಅಂದೆ. ಒಂದು ತಿಂಗಳಲ್ಲಿ ಮಚ್ಚೆ ಮಾಯವಾಯಿತು.

ಊಟ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ಹಾಕುವುದು ರಿಸೆಪ್ಶನ್ ಹುಡುಗಿ ಒಬ್ಬಳೇ. ಡಬ್ಬಿ ಅವಳ ಡ್ರಾಯರಿನಲ್ಲಿ, ಬೀಗ ಹಾಕಿ. ದೀಪಕ್ಕೆ ಟೈಮರ್, ದಿನಕ್ಕೆ ಎಂಟು ಗಂಟೆ. ಶುಕ್ರವಾರ ಗಿಡದ ಅಣ್ಣ 30 ಲೀಟರ್ ಮಾತ್ರ ತೆಗೆದು ಅಷ್ಟೇ ಹೊಸ ನೀರು ಹಾಕುತ್ತಾರೆ. ಸ್ಪಂಜ್ ಕಟ್ಟಿಕೊಂಡರೆ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡುತ್ತಾರೆ. ಕಲ್ಲನ್ನು ತೊಳೆಯುವುದಿಲ್ಲ. ಇದನ್ನು ಒಪ್ಪಲು ಅವರಿಗೇ ಕಷ್ಟವಾಯಿತು, ಕೆಲಸ ಅರ್ಧ ಮಾಡಿ ಹೋದ ಹಾಗಾಗುತ್ತೆ ಅನ್ನುತ್ತಿದ್ದರು. ಆಮೇಲೆ ಟೆಸ್ಟ್ ಮಾಡುವುದನ್ನು ಅವರಿಗೇ ಕಲಿಸಿದೆ. ಆರು ವಾರ ಸತತವಾಗಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ಮೇಲೆ ಜೊತೆಗೆ ಇನ್ನೊಂದು ಮೀನು ತಂದೆವು. ಗೋಲ್ಡ್‌ಫಿಶ್ ಗುಂಪಿನಲ್ಲಿ ಬದುಕುವ ಜೀವ, ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ. ಅದನ್ನು ಮೊದಲು ನಾಲ್ಕು ವಾರ ನನ್ನ ಮನೆಯಲ್ಲಿ ಬೇರೆಯೇ ಇಟ್ಟು, ರೋಗ ಇಲ್ಲ ಅಂತ ಖಾತ್ರಿ ಆದ ಮೇಲೆ ಬಿಟ್ಟದ್ದು.

ಇದಾಗಿ 14 ತಿಂಗಳು. ಕಿತ್ತಳೆ ಮೀನು ಈಗ 11 ಸೆಂಟಿಮೀಟರ್. ಮೀನಿನ ಬಿಲ್ಲು ಆ ಒಂದನ್ನು ಬಿಟ್ಟರೆ ಮತ್ತೆ ಬಂದಿಲ್ಲ. 100 ಲೀಟರ್ ಇವಕ್ಕೆ ಇನ್ನು ಜಾಸ್ತಿ ದಿನ ಸಾಲುವುದಿಲ್ಲ, ದೊಡ್ಡ ತೊಟ್ಟಿಗೆ ಕೇಳಿದ್ದೇನೆ, ಮಂಜೂರಾಗಿಲ್ಲ, ಕೇಳುತ್ತಲೇ ಇದ್ದೇನೆ. ಫೈಲಿನಲ್ಲಿ ತೊಟ್ಟಿ ಈಗಲೂ "ಅಲಂಕಾರ"ದ ಕೆಳಗೇ ಇದೆ.

ಹೋದ ವಾರ ಗಿಡದ ಅಣ್ಣ ಒಂದು ಫೋಟೋ ಕಳಿಸಿದರು. ಟೆಸ್ಟ್ ಟ್ಯೂಬಿನಲ್ಲಿ ಹಸಿರು ಬಣ್ಣದ ನೀರು, ಪಕ್ಕದಲ್ಲಿ ಬಣ್ಣದ ಕಾರ್ಡು, 4ರ ಮೇಲೆ ಅವರ ಹೆಬ್ಬೆರಳು. ಅವರು ಗಿಡ ನೋಡಿಕೊಳ್ಳುವ ಇನ್ನೊಂದು ಆಫೀಸಿನಲ್ಲಿ ಇಂಥದ್ದೇ ಗುಂಡು ಬೌಲ್ ಇದೆಯಂತೆ, ಒಳಗೆ ಮೂರು ಮೀನು. ಈ ಸಲ ಅವರು ಸುಮ್ಮನಿರಲಿಲ್ಲ, ಅಲ್ಲಿನವರಿಗೆ ಹೇಳಿದ್ದಾರೆ. ಶುಕ್ರವಾರ ನನ್ನ ಹಳೆಯ ಸ್ಪಂಜುಗಳಲ್ಲಿ ಒಂದನ್ನು ಡಬ್ಬಿಗೆ ಹಾಕಿಕೊಂಡು ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ.